ಕೀಲಿಕೈ ಪೆಟ್ಟಿಗೆಯೊಳಗೇ ಉಳಿದಿತ್ತು: ಒಂದು ಕ್ಲೌಡ್ ಬ್ಯಾಕಪ್ ಕಟ್ಟಿದ ದಾಖಲೆ

ನನ್ನ ಲ್ಯಾಪ್‌ಟಾಪಿನಲ್ಲಿ ‘ದಾಖಲೆ’ ಅಂತ ಒಂದು ಫೋಲ್ಡರ್ ಇದೆ. 41 ಜಿಬಿ, ಹದಿನೆಂಟು ಸಾವಿರ ಚಿಲ್ಲರೆ ಫೈಲುಗಳು. ಪಾಸ್‌ಪೋರ್ಟ್ ಸ್ಕ್ಯಾನು, ತೆರಿಗೆ ಕಾಗದ, ಮನೆಯವರೆಲ್ಲರ ವೈದ್ಯಕೀಯ ವರದಿಗಳು, ಆಸ್ತಿ ಪತ್ರ, ಪಾಸ್‌ವರ್ಡ್ ಮ್ಯಾನೇಜರಿನ ಡೇಟಾಬೇಸು, ಜೊತೆಗೆ ಯಾರಿಗೂ ತೋರಿಸದ ಹತ್ತು ವರ್ಷದ ದಿನಚರಿ. ಇದು ಕಳೆದುಹೋದರೆ ಕಷ್ಟ, ಬೇರೆಯವರ ಕೈಗೆ ಸಿಕ್ಕರೆ ಇನ್ನೂ ಕಷ್ಟ. ತಲೆನೋವು ಶುರುವಾಗುವುದೇ ಅಲ್ಲಿ. ಕಳೆಯಬಾರದು ಅಂದರೆ ನಾಲ್ಕು ಕಡೆ ಪ್ರತಿ ಇಡಬೇಕು. ಸೋರಬಾರದು ಅಂದರೆ ಪ್ರತಿಗಳು ಆದಷ್ಟು ಕಮ್ಮಿ ಇರಬೇಕು.

ಇಷ್ಟು ದಿನ ಇದರ ಬ್ಯಾಕಪ್ ಅಂದರೆ ಒಂದು ಹೊರಗಿನ ಹಾರ್ಡ್‌ಡಿಸ್ಕು. ಅದೂ ಲ್ಯಾಪ್‌ಟಾಪ್ ಇರುವ ಮೇಜಿನ ಡ್ರಾಯರಿನಲ್ಲೇ. ಒಂದು ಸಂಜೆ ಆ ಡಿಸ್ಕು ಟಿಕ್ ಟಿಕ್ ಅನ್ನತೊಡಗಿತು. ಡೇಟಾ ಉಳಿಯಿತು, ನನ್ನ ನಿದ್ದೆ ಉಳಿಯಲಿಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಬಹಳ ಜನಕ್ಕೆ ಗೊತ್ತು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ನನ್ನಲ್ಲಿ ಇಲ್ಲದೇ ಇದ್ದದ್ದು ಆ ಕೊನೆಯ ಒಂದು. ಅದಕ್ಕೆ ಕ್ಲೌಡ್ ಅಂತ ತೀರ್ಮಾನಿಸಿ ಕೂತೆ. ಎರಡು ವಾರಾಂತ್ಯದ ಕೆಲಸ ಅಂದುಕೊಂಡದ್ದು ಏಳು ವಾರ ಹಿಡಿಯಿತು.

ಹೊರಡುವ ಮೊದಲು ಒಂದು ನಿಯಮ ಹಾಕಿಕೊಂಡೆ: ಫೈಲು ನನ್ನ ಯಂತ್ರ ಬಿಡುವ ಮೊದಲೇ ಗೂಢಲಿಪಿಯಾಗಿರಬೇಕು (ಎನ್‌ಕ್ರಿಪ್ಟ್ ಆಗಿರಬೇಕು), ಕೀಲಿ ನನ್ನ ಹತ್ತಿರ ಮಾತ್ರ ಇರಬೇಕು. ‘ನಿಮ್ಮ ಡೇಟಾ ನಮ್ಮಲ್ಲಿ ಎನ್‌ಕ್ರಿಪ್ಟ್ ಆಗಿರುತ್ತದೆ’ ಅಂತ ಕ್ಲೌಡ್ ಸೇವೆಗಳು ಹೇಳುವುದು ಸುಳ್ಳೇನಲ್ಲ. ಆದರೆ ಬಹುಪಾಲು ಕಡೆ ಆ ಕೀಲಿ ಇರುವುದು ಅವರದೇ ಸರ್ವರಿನಲ್ಲಿ. ಡೇಟಾ ಸೆಂಟರಿನಿಂದ ಡಿಸ್ಕು ಕದ್ದವನಿಗೆ ಅದು ಅಡ್ಡಿ. ನನ್ನ ಖಾತೆಯ ಪಾಸ್‌ವರ್ಡ್ ಕದ್ದವನಿಗೆ ಬಾಗಿಲು ಸಲೀಸಾಗಿ ತೆರೆಯುತ್ತದೆ.

ಮೊದಲ ಪ್ರಯತ್ನ: ದೊಡ್ಡ ಡಬ್ಬಿ

ಎಲ್ಲರೂ ಮೊದಲು ಮಾಡುವುದನ್ನೇ ನಾನೂ ಮಾಡಿದೆ. 50 ಜಿಬಿಯ ಒಂದು ಎನ್‌ಕ್ರಿಪ್ಟೆಡ್ ಕಂಟೇನರ್ ಫೈಲ್ (ಪಾಸ್‌ವರ್ಡ್ ಕೊಟ್ಟರಷ್ಟೇ ತೆರೆಯುವ ಡಬ್ಬಿ) ಮಾಡಿ, ಒಳಗೆ ಎಲ್ಲವನ್ನೂ ತುಂಬಿ, ಆ ಫೈಲನ್ನು ಕ್ಲೌಡಿನ ಸಿಂಕ್ ಫೋಲ್ಡರಿಗೆ, ಅಂದರೆ ಇಲ್ಲಿನ ಬದಲಾವಣೆ ತಾನಾಗಿಯೇ ಕ್ಲೌಡಿಗೂ ಹೋಗುವ ಫೋಲ್ಡರಿಗೆ ಹಾಕಿದೆ. ಮೊದಲ ಸಲ ಪೂರ್ತಿ ಅಪ್‌ಲೋಡ್ ಆಯಿತು. ಹಸಿರು ಟಿಕ್ ಬಿತ್ತು. ಆಮೇಲೆ ಮೂರು ವಾರ ದಿನವೂ ಹೊಸ ಫೈಲು ಸೇರಿಸುತ್ತಾ ಹೋದೆ, ಹಸಿರು ಟಿಕ್ ಹಾಗೇ ಇತ್ತು. ಒಂದು ದಿನ ಸುಮ್ಮನೆ ಕ್ಲೌಡಿನಲ್ಲಿ ಕಂಟೇನರಿನ ದಿನಾಂಕ ನೋಡಿದರೆ ಮೂರು ವಾರ ಹಿಂದಿನದು. ಎದೆ ಧಸಕ್ಕೆಂದಿತು.

ಕಾರಣ ಹುಡುಕಿದರೆ ನಗು ಬರುತ್ತದೆ. ಒಳಗೆ ಏನು ಬದಲಾಯಿತು ಅನ್ನುವ ಸುಳಿವು ಹೊರಗೆ ಸಿಗಬಾರದು ಅಂತ ಇಂಥ ಕೆಲವು ತಂತ್ರಾಂಶಗಳು ಕಂಟೇನರ್ ಫೈಲಿನ ‘ಕೊನೆಯ ಬದಲಾವಣೆ’ ಸಮಯವನ್ನು ಬೇಕೆಂದೇ ಹಳೆಯದಾಗಿಯೇ ಉಳಿಸುತ್ತವೆ. ಕಂಟೇನರಿನ ಗಾತ್ರ ಹೇಗೂ ಸ್ಥಿರ. ಸಿಂಕ್ ತಂತ್ರಾಂಶ ನೋಡುವುದು ಈ ಎರಡನ್ನೇ: ಗಾತ್ರ, ಸಮಯ. ಎರಡೂ ಬದಲಾಗಿಲ್ಲ, ಆದ್ದರಿಂದ ಕಳಿಸುವುದಕ್ಕೆ ಏನೂ ಇಲ್ಲ. ಸೆಟ್ಟಿಂಗಿನಲ್ಲಿ ಒಂದು ಟಿಕ್ ತೆಗೆದರೆ ಸಮಯ ಬದಲಾಗುತ್ತದೆ, ಸರಿ. ಆದರೆ ಫೈಲಿನ ಬದಲಾದ ತುಣುಕನ್ನಷ್ಟೇ ಕಳಿಸುವ ಸೇವೆಗಳು ಕಮ್ಮಿ. ಒಂದು ಅಕ್ಷರ ತಿದ್ದಿದರೂ 50 ಜಿಬಿ ಮತ್ತೆ ಮೇಲಕ್ಕೆ ಹೋಗಬೇಕು. ನನ್ನ ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್. ಬೈಟಿಗೆ ಎಂಟು ಬಿಟ್ ಲೆಕ್ಕ ಹಾಕಿದರೆ ಹನ್ನೊಂದು ಗಂಟೆಗೂ ಮೇಲೆ. ಡಬ್ಬಿಯನ್ನು ಅಲ್ಲಿಗೇ ಬಿಟ್ಟೆ.

ಇನ್ನೊಂದು ಮಾತು ಕೂಡ ಇಲ್ಲೇ ಹೊಳೆದದ್ದು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟರೆ ಅಲ್ಲೂ ಕೆಡುತ್ತದೆ. ನನಗೆ ಬೇಕಾದದ್ದು ನಿನ್ನೆಯದು, ಹೋದ ತಿಂಗಳದ್ದು, ಎರಡೂ ಬೇರೆ ಬೇರೆಯಾಗಿ ಸಿಗುವ ವ್ಯವಸ್ಥೆ.

ಎರಡನೆಯ ಪ್ರಯತ್ನ: ‘ಸ್ತ್ರ’ ಅಕ್ಷರದ ತೂಕ

ಮುಂದೆ ಆರ್‌ಕ್ಲೋನ್ ಹಿಡಿದೆ. ಹತ್ತಾರು ಬಗೆಯ ಕ್ಲೌಡ್‌ಗಳ ಜೊತೆ ಮಾತಾಡಬಲ್ಲ, ಕಮಾಂಡ್ ಸಾಲಿನಿಂದ ನಡೆಸುವ ಮುಕ್ತ ತಂತ್ರಾಂಶ ಇದು. ಇದರೊಳಗೆ ‘ಕ್ರಿಪ್ಟ್’ ಅನ್ನುವ ಪದರ ಇದೆ: ಪ್ರತಿ ಫೈಲನ್ನೂ 64 ಕಿಲೋಬೈಟಿನ ತುಂಡು ಮಾಡಿ, ತುಂಡು ತುಂಡನ್ನೂ ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತದೆ. ಫೈಲಿನ ಹೆಸರನ್ನೂ ಮುಚ್ಚುತ್ತದೆ. ನನಗದು ಮುಖ್ಯವಾಗಿತ್ತು. ‘ವಿಚ್ಛೇದನ ಅರ್ಜಿ ಕರಡು’ ಅಂತ ಹೆಸರಿದ್ದರೆ ಒಳಗಿನದನ್ನು ಎಷ್ಟು ಭದ್ರವಾಗಿ ಮುಚ್ಚಿ ಏನು ಪ್ರಯೋಜನ?

ಕ್ಲೌಡಿಗೆ ಹೋಗುವ ಮೊದಲು ಇನ್ನೊಂದು ಡಿಸ್ಕಿನ ಮೇಲೆ ಪರೀಕ್ಷೆ ಮಾಡಿದೆ. ಎರಡು ಸಾವಿರ ಫೈಲು ಸರಾಗವಾಗಿ ಹೋದವು, ಆಮೇಲೆ ಸಾಲುಗಟ್ಟಿ ದೋಷ: ‘ಫೈಲಿನ ಹೆಸರು ತೀರಾ ಉದ್ದ’. ನೋಡಿದರೆ ಎಲ್ಲವೂ ಕನ್ನಡ ಹೆಸರಿನ ಫೈಲುಗಳು. ಒಂದನ್ನೂ ಬಿಡದೆ! ಇಂಗ್ಲಿಷ್ ಹೆಸರಿನ ಒಂದು ಫೈಲಿಗೂ ತೊಂದರೆಯಿಲ್ಲ.

ಒಂದನ್ನು ಬಿಡಿಸಿ ನೋಡೋಣ. ‘ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆ ವರದಿ ಮತ್ತು ಚೀಟಿ’. ಕಣ್ಣಿಗೆ ಎಂಟು ಪದ, ಅಂಥ ಉದ್ದವೇನಲ್ಲ. ಆದರೆ ಕಂಪ್ಯೂಟರು ಎಣಿಸುವುದು ಬೈಟುಗಳನ್ನು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. ನಾವು ಒಂದೇ ಅಕ್ಷರ ಅನ್ನುವ ‘ಸ್ತ್ರ’ದೊಳಗೆ ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಅರ್ಧಾಕ್ಷರದ ಚಿಹ್ನೆ, ರ ಅಂತ ಐದು ಸಂಕೇತಗಳಿವೆ. ಅಂದರೆ ಒಂದು ಒತ್ತಕ್ಷರಕ್ಕೇ 15 ಬೈಟು. ಇಡೀ ಹೆಸರಿನಲ್ಲಿ 51 ಕನ್ನಡ ಸಂಕೇತ, 7 ಖಾಲಿ ಜಾಗ, ಕೊನೆಗೆ ಚುಕ್ಕಿ ಸೇರಿ ಪಿಡಿಎಫ್‌ನ 4 ಬೈಟು: ಒಟ್ಟು 164.

ಲಿನಕ್ಸಿನ ಡಿಸ್ಕಿನಲ್ಲಿ ಹೆಸರಿನ ಮಿತಿ 255 ಬೈಟು, ಆದ್ದರಿಂದ ಮೂಲ ಫೈಲು ಆರಾಮಾಗಿ ಕೂತಿತ್ತು. ಕ್ರಿಪ್ಟ್ ಪದರ ಏನು ಮಾಡುತ್ತದೆ ಅಂದರೆ, ಹೆಸರನ್ನು 16ರ ಗುಣಕಕ್ಕೆ ಉಬ್ಬಿಸುತ್ತದೆ (164 ಇದ್ದದ್ದು 176 ಆಗುತ್ತದೆ), ಎನ್‌ಕ್ರಿಪ್ಟ್ ಮಾಡುತ್ತದೆ, ಆಮೇಲೆ ಯಾವ ಕ್ಲೌಡೂ ಗೊಣಗದ ಅಕ್ಷರ-ಅಂಕಿಗಳಿಗೆ ಬದಲಾಯಿಸುತ್ತದೆ. ಈ ಕೊನೆಯ ಹಂತದಲ್ಲಿ ಪ್ರತಿ ಐದು ಬೈಟಿಗೆ ಎಂಟು ಅಕ್ಷರ. 176 ಬೈಟಿಗೆ 282 ಅಕ್ಷರ. ಮಿತಿ ದಾಟಿತು. ಹಿಮ್ಮುಖವಾಗಿ ಲೆಕ್ಕ ಹಾಕಿದರೆ ಮೂಲ ಹೆಸರು 143 ಬೈಟಿನೊಳಗೆ ಇರಬೇಕು. ಇಂಗ್ಲಿಷಿನಲ್ಲಿ ಅದು 143 ಅಕ್ಷರ, ಕನ್ನಡದಲ್ಲಿ 47 ಸಂಕೇತ. ಒತ್ತು, ಗುಣಿತ ಎಲ್ಲ ಸೇರಿ ಆರೇಳು ಪದಕ್ಕೆ ಮುಗಿಯಿತು.

ಹೆಸರನ್ನು ಇನ್ನೂ ಬಿಗಿಯಾಗಿ ಬರೆಯುವ ಆಯ್ಕೆಗಳು ಆರ್‌ಕ್ಲೋನಿನಲ್ಲೇ ಇವೆ. ಆದರೆ ಅವು ಎಲ್ಲ ಕ್ಲೌಡಿಗೂ ಒಗ್ಗುವುದಿಲ್ಲ. ಹೆಸರುಗಳನ್ನು ಮೊಟಕು ಮಾಡಬಹುದಿತ್ತು. ಬ್ಯಾಕಪ್ಪಿಗೋಸ್ಕರ ನನ್ನ ಫೈಲಿನ ಹೆಸರು ನಾನು ಬದಲಾಯಿಸಬೇಕಾ ಅನ್ನುವ ಹಟ ಬಂತು. ಹಟಕ್ಕೆ ತಾಂತ್ರಿಕ ಸಮರ್ಥನೆ ಏನಿಲ್ಲ.

ಆರ್‌ಕ್ಲೋನ್ ಬಳಸುವವರಿಗೆ ಒಂದು ಕಿವಿಮಾತು. ಅದರ ಸೆಟ್ಟಿಂಗ್ ಫೈಲಿನಲ್ಲಿ ನಿಮ್ಮ ಪಾಸ್‌ವರ್ಡ್ ಕಲಸುಮೇಲೋಗರವಾಗಿ ಕಾಣುತ್ತದೆ. ಅದು ಎನ್‌ಕ್ರಿಪ್ಷನ್ ಅಲ್ಲ, ಹೆಗಲ ಮೇಲಿಂದ ಇಣುಕುವವರ ಕಣ್ಣಿಗೆ ಹಾಕಿದ ಪರದೆ ಅಷ್ಟೇ, ಒಂದೇ ಕಮಾಂಡಿನಲ್ಲಿ ಬಿಡಿಸಬಹುದು. ಸೆಟ್ಟಿಂಗ್ ಫೈಲಿಗೇ ಪ್ರತ್ಯೇಕ ಪಾಸ್‌ವರ್ಡ್ ಹಾಕುವ ಆಯ್ಕೆ ಇದೆ. ಹಾಕಿಕೊಳ್ಳಿ.

ಮೂರನೆಯದು ನಿಂತಿತು

ಕೊನೆಗೆ ರೆಸ್ಟಿಕ್. ಇದು ಹುಟ್ಟಾ ಬ್ಯಾಕಪ್ ತಂತ್ರಾಂಶ, ಆದ್ದರಿಂದ ಫೈಲನ್ನು ಫೈಲಾಗಿ ಕಳಿಸುವುದೇ ಇಲ್ಲ. ಒಳಗಿನ ಬೈಟುಗಳನ್ನು ನೋಡುತ್ತಾ ಹೋಗಿ, ಸೂಕ್ತ ಜಾಗದಲ್ಲಿ ಕತ್ತರಿಸಿ, ಸರಾಸರಿ 1 ಮೆಗಾಬೈಟಿನ ತುಂಡುಗಳನ್ನು ಮಾಡುತ್ತದೆ. ಒಂದೇ ತುಂಡು ಹತ್ತು ಫೈಲಿನಲ್ಲಿದ್ದರೂ ಮೇಲಕ್ಕೆ ಹೋಗುವುದು ಒಮ್ಮೆ. ತುಂಡುಗಳನ್ನು ಒತ್ತಿ (ಕಂಪ್ರೆಸ್ ಮಾಡಿ), ಎಇಎಸ್-256 ಅನ್ನುವ ಗೂಢಲಿಪಿ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿ, ಹಲವನ್ನು ಒಂದು ಕಟ್ಟಾಗಿ ಸೇರಿಸಿ ಕಳಿಸುತ್ತದೆ. ಆ ಒತ್ತುವ ಕೆಲಸ ಸೇರಿದ್ದು 2022ರಲ್ಲಿ, 0.14ನೇ ಆವೃತ್ತಿಯಲ್ಲಿ. ಹಳೆಯ ಆವೃತ್ತಿಯಲ್ಲಿ ಶುರುಮಾಡಿದವರು ತಮ್ಮ ಭಂಡಾರವನ್ನು (ರೆಸ್ಟಿಕ್ ಬ್ಯಾಕಪ್ ತುಂಬಿಡುವ ಜಾಗ) ಹೊಸ ಮಾದರಿಗೆ ಏರಿಸಿಕೊಳ್ಳಬೇಕು. ಫೈಲಿನ ಹೆಸರು, ದಿನಾಂಕ, ಫೋಲ್ಡರಿನ ರಚನೆ ಎಲ್ಲವೂ ಇದೇ ತುಂಡುಗಳ ಒಳಗೇ ಅಡಗಿರುತ್ತವೆ. ಹೊರಗಿನಿಂದ ನೋಡಿದವರಿಗೆ ಕಾಣುವುದು 64 ಅಕ್ಷರದ ಅರ್ಥವಿಲ್ಲದ ಹೆಸರುಗಳ ರಾಶಿ. ಅಜ್ಜಿಯ ವರದಿ ತನ್ನ ಪೂರ್ತಿ ಹೆಸರಿನೊಂದಿಗೇ ಒಳಗೆ ಹೋಯಿತು.

ಎಲ್ಲವೂ ಮುಚ್ಚಿಹೋಗುವುದಿಲ್ಲ. ಒಟ್ಟು ಗಾತ್ರ ಎಷ್ಟು, ಯಾವ ಹೊತ್ತಿಗೆ ಬ್ಯಾಕಪ್ ಆಗುತ್ತದೆ, ಯಾವ ದಿನ ಹೆಚ್ಚು ಬದಲಾಯಿತು ಅನ್ನುವುದು ಕ್ಲೌಡ್ ನಡೆಸುವವರಿಗೆ ಕಾಣುತ್ತದೆ. ನನಗೆ ಅಷ್ಟು ಅಡ್ಡಿಯಿಲ್ಲ.

ಜಾಗಕ್ಕೆ ಅಮೆಜಾನಿನ ಎಸ್3 ಮಾದರಿಯ ಆಬ್ಜೆಕ್ಟ್ ಸ್ಟೋರೇಜ್ (ಕ್ಲೌಡಿನಲ್ಲಿ ಬಾಡಿಗೆಯ ಜಾಗ) ತೆಗೆದುಕೊಂಡೆ. ರೆಸ್ಟಿಕ್ ಅದರ ಜೊತೆ ನೇರವಾಗಿ ಮಾತಾಡುತ್ತದೆ, ಮತ್ತು ಪ್ರತಿ ಕೆಲಸಕ್ಕೂ ಬೇರೆ ಬೇರೆ ಅಧಿಕಾರದ ಕೀಲಿ ಮಾಡಿಕೊಳ್ಳಬಹುದು. ಇದರ ಉಪಯೋಗ ಮುಂದೆ ಬರುತ್ತದೆ. 41 ಜಿಬಿ ಒತ್ತಿ, ನಕಲುಗಳನ್ನು ಬಿಟ್ಟು 29 ಜಿಬಿ ಆಯಿತು. ಒಂದೇ ಫೋಟೋ ರಾಶಿಯನ್ನು ಮೂರು ಫೋಲ್ಡರಿನಲ್ಲಿ ಇಟ್ಟಿದ್ದೆ ಅನ್ನುವುದು ಆಗ ಗೊತ್ತಾಯಿತು. ರಾತ್ರಿ ಹಚ್ಚಿ ಮಲಗಿದೆ. ನಡುವೆ ಎರಡು ಸಲ ಸಂಪರ್ಕ ಕಡಿದಿತ್ತು, ಬೆಳಿಗ್ಗೆ ಅದೇ ಕಮಾಂಡ್ ಮತ್ತೆ ಕೊಟ್ಟರೆ ಆಗಲೇ ಹೋಗಿದ್ದ ತುಂಡುಗಳನ್ನು ಬಿಟ್ಟು ಮುಂದುವರಿಯಿತು. ಮರುದಿನದ ಬ್ಯಾಕಪ್ ಒಂದು ನಿಮಿಷದೊಳಗೆ ಮುಗಿಯಿತು.

ಕನ್ನಡದಲ್ಲಿ ಪಾಸ್‌ಫ್ರೇಸ್ ಇಡುವ ಆಸೆ

ರೆಸ್ಟಿಕ್ ಭಂಡಾರದಲ್ಲಿ ‘ಕೀಸ್’ ಅಂತ ಒಂದು ಪುಟ್ಟ ಫೋಲ್ಡರ್ ಇರುತ್ತದೆ. ನಿಜವಾದ ಮಾಸ್ಟರ್ ಕೀಲಿ ಅದರಲ್ಲೇ ಇದೆ, ನನ್ನ ಪಾಸ್‌ವರ್ಡಿನ ಹೊದಿಕೆಯೊಳಗೆ. ಅಂದರೆ ಈ ಪುಟ್ಟ ಫೈಲನ್ನು ಯಾರಾದರೂ ನಕಲು ಮಾಡಿಕೊಂಡರೆ ತಮ್ಮ ಮನೆಯಲ್ಲಿ ಕೂತು ಪುರುಸೊತ್ತಿನಲ್ಲಿ ಪಾಸ್‌ವರ್ಡ್ ಊಹಿಸುತ್ತಾ ಹೋಗಬಹುದು. ‘ಐದು ಸಲ ತಪ್ಪಾದರೆ ಖಾತೆ ಬಂದ್’ ಅನ್ನುವ ಕಾವಲು ಅಲ್ಲಿಲ್ಲ. ಪ್ರತಿ ಊಹೆಯನ್ನೂ ಎಸ್‌ಕ್ರಿಪ್ಟ್ (scrypt) ಅನ್ನುವ ವಿಧಾನ ಬೇಕೆಂದೇ ನಿಧಾನ ಮತ್ತು ದುಬಾರಿ ಮಾಡುತ್ತದೆ, ನಿಜ. ಆದರೂ ಹುಟ್ಟಿದ ದಿನಾಂಕವನ್ನು ಪಾಸ್‌ವರ್ಡ್ ಮಾಡಿಕೊಂಡವರನ್ನು ಅದು ಕಾಪಾಡಲಾರದು.

ನನಗೆ ಬಂದ ಉಪಾಯ: ಪಾಸ್‌ಫ್ರೇಸ್, ಅಂದರೆ ಪದಗಳನ್ನು ಜೋಡಿಸಿದ ಪಾಸ್‌ವರ್ಡ್, ಕನ್ನಡ ಲಿಪಿಯಲ್ಲೇ ಐದಾರು ಪದ. ಕನ್ನಡದಲ್ಲಿ ಯಾರು ಊಹಿಸುತ್ತಾರೆ? ಖುಷಿಯಾಗಿ ಪರೀಕ್ಷೆಯ ಭಂಡಾರ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ತೆರೆಯಿತು. ಇನ್ನೊಂದು ಯಂತ್ರದಲ್ಲಿ, ಬೇರೆ ಕೀಬೋರ್ಡ್ ತಂತ್ರಾಂಶದಲ್ಲಿ ಅದೇ ಪದಗಳನ್ನು ಬೆರಳಚ್ಚಿಸಿದರೆ ತಪ್ಪು ಪಾಸ್‌ವರ್ಡ್ ಅಂದಿತು. ಮತ್ತೆ ಮಾಡಿದೆ, ಮತ್ತೆ ತಪ್ಪು. ಎರಡೂ ಪರದೆಯಲ್ಲಿ ಪದ ಒಂದೇ ಥರ ಕಾಣುತ್ತದೆ!

ತಲೆ ಕೆರೆದುಕೊಂಡು ಬೈಟುಗಳನ್ನು ಪಕ್ಕಪಕ್ಕ ಇಟ್ಟೆ. ‘ಕೋ’ ಅನ್ನುವ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ಕ, ಅದಕ್ಕೆ ಓತ್ವದ ಒಂದೇ ಚಿಹ್ನೆ: ಎರಡು ಸಂಕೇತ, 6 ಬೈಟು. ಇಲ್ಲವೇ ಕ, ಎತ್ವ, ಊತ್ವದ ಕೊಂಬು, ಕೊನೆಗೆ ದೀರ್ಘ: ನಾಲ್ಕು ಸಂಕೇತ, 12 ಬೈಟು. ಶಾಲೆಯಲ್ಲಿ ಕೈಯಲ್ಲಿ ಬರೆಯುವಾಗ ಎರಡನೆಯ ಕ್ರಮದಲ್ಲೇ ಬರೆಯುತ್ತೇವೆ. ಓದುವವರಿಗೆ ಎರಡೂ ಒಂದೇ, ಪಾಸ್‌ವರ್ಡ್ ಪರೀಕ್ಷಿಸುವ ಗಣಿತಕ್ಕೆ ಎರಡೂ ಬೇರೆ. ಅದು ಸಾಲದು ಅಂತ ಕಣ್ಣಿಗೆ ಕಾಣದ ಸಂಕೇತಗಳು ಬೇರೆ. ‘ಪಾಸ್‌ವರ್ಡ್’ ಪದವನ್ನೇ ನೋಡಿ: ಸಕಾರ ವಕಾರಕ್ಕೆ ಅಂಟಿ ಒತ್ತಾಗದಂತೆ ನಡುವೆ ಒಂದು ಅದೃಶ್ಯ ಸಂಕೇತ ಕೂತಿರುತ್ತದೆ. ಕೆಲವು ಕೀಬೋರ್ಡು ಅದನ್ನು ತಾನೇ ಸೇರಿಸುತ್ತದೆ, ಕೆಲವು ನಮ್ಮಿಂದ ಕೇಳುತ್ತದೆ. ಪಾಸ್‌ವರ್ಡ್ ಹಾಕುವ ಜಾಗದಲ್ಲಿ ಕಾಣುವುದು ಚುಕ್ಕಿಗಳು ಮಾತ್ರ, ಕೆಲವು ಕಡೆ ಅದೂ ಇಲ್ಲ. ಹೊಸ ಯಂತ್ರದಲ್ಲಿ, ಗಾಬರಿಯಲ್ಲಿ, ಕನ್ನಡ ಕೀಬೋರ್ಡೇ ಇಲ್ಲದ ಕಪ್ಪು ಪರದೆಯ ಮುಂದೆ ಇದನ್ನು ಮಾಡುವುದು ನೆನೆದೇ ಕೈಬಿಟ್ಟೆ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋಣವೆಂದರೆ ‘ಹಳ್ಳಿ’ಗೆ ಎಷ್ಟು ಕಾಗುಣಿತ ಅನ್ನುವುದು ನಮಗೆಲ್ಲ ಗೊತ್ತೇ ಇದೆ.

ಕೊನೆಗೆ ದಾಳ ಹಿಡಿದೆ. ಡೈಸ್‌ವೇರ್ ಅನ್ನುವ ಈ ಪದ್ಧತಿ 1995ರಲ್ಲಿ ಆರ್ನಾಲ್ಡ್ ರೀನ್‌ಹೋಲ್ಡ್ ರೂಪಿಸಿದ್ದು. 7,776 ಪದಗಳ ಪಟ್ಟಿ, ಐದು ಸಲ ದಾಳ ಉರುಳಿಸಿದರೆ ಒಂದು ಪದ. ಈ ಸಂಖ್ಯೆ ಆರರ ಐದನೇ ಘಾತ, ಹಾಗಾಗಿ ಪ್ರತಿ ಉರುಳಿಕೆಗೂ ಲೆಕ್ಕ ಸರಿಹೋಗುತ್ತದೆ. ಆರು ಪದಕ್ಕೆ ಮೂವತ್ತು ಉರುಳಿಕೆ, ಒಟ್ಟು 77 ಬಿಟ್‌ನಷ್ಟು ಯಾದೃಚ್ಛಿಕತೆ. ಚಿಕ್ಕ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೇನೂ ಇಲ್ಲ. ಬಂದ ಪದಗಳಲ್ಲಿ ಒಂದು ಇಷ್ಟವಾಗಲಿಲ್ಲ, ಬದಲಾಯಿಸೋಣ ಅನ್ನಿಸಿತು. ಬದಲಾಯಿಸಲಿಲ್ಲ. ಇಷ್ಟ ನುಸುಳಿದ ಕಡೆ ಊಹೆಯೂ ನುಸುಳುತ್ತದೆ.

ಅಳಿಸುವ ಅಧಿಕಾರ

ಬ್ಯಾಕಪ್ ತಾನೇ ನಡೆಯಬೇಕಾದರೆ ಪಾಸ್‌ವರ್ಡ್ ಲ್ಯಾಪ್‌ಟಾಪಿನಲ್ಲಿ ಎಲ್ಲೋ ಇರಲೇಬೇಕು. ನಾನು ಅದನ್ನು ಬೇರೆ ಬಳಕೆದಾರರು ಓದಲಾಗದ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಡಿಸ್ಕು ಪೂರ್ತಿ ಎನ್‌ಕ್ರಿಪ್ಟ್ ಆಗಿದೆ. ಇದು ಅಪಾಯ ಅಲ್ಲವೇ ಅಂತ ಕೇಳಿದರೆ, ನಡೆಯುತ್ತಿರುವ ಯಂತ್ರದೊಳಗೆ ಹೊಕ್ಕವನಿಗೆ ಮೂಲ ಫೈಲುಗಳೇ ಸಿಗುತ್ತವೆ, ಬ್ಯಾಕಪ್ಪಿನ ಪಾಸ್‌ವರ್ಡ್ ಅವನಿಗೆ ಯಾಕೆ?

ಅವನು ಮಾಡಬಹುದಾದ ನಿಜವಾದ ಹಾನಿ ಬೇರೆ. ಮೂಲವನ್ನೂ ಕೆಡಿಸಿ, ಕ್ಲೌಡಿನ ಬ್ಯಾಕಪ್ಪನ್ನೂ ಅಳಿಸಿಬಿಡಬಹುದು. ರ್‍ಯಾನ್ಸಮ್‌ವೇರ್ (ಡೇಟಾ ಒತ್ತೆಯಿಟ್ಟು ಹಣ ಕೇಳುವ ತಂತ್ರಾಂಶ) ನಡೆಸುವವರು ಬ್ಯಾಕಪ್ಪನ್ನು ಹುಡುಕುವುದು ಅದಕ್ಕೇ. ಆದ್ದರಿಂದ ಲ್ಯಾಪ್‌ಟಾಪಿನಲ್ಲಿರುವ ಕ್ಲೌಡ್ ಕೀಲಿಗೆ ಓದುವ, ಸೇರಿಸುವ ಅಧಿಕಾರ ಕೊಟ್ಟೆ, ಅಳಿಸುವುದನ್ನು ಕಿತ್ತೆ. ಮೊದಲ ಬ್ಯಾಕಪ್ಪೇ ಗೊಣಗಿತು. ಕೆಲಸ ನಡೆಯುವಾಗ ರೆಸ್ಟಿಕ್ ‘ಲಾಕ್ಸ್’ ಫೋಲ್ಡರಿನಲ್ಲಿ ಒಂದು ಗುರುತು ಇಟ್ಟು ಮುಗಿದ ಮೇಲೆ ತೆಗೆಯುತ್ತದೆ, ಅದಕ್ಕೂ ಅಡ್ಡಿಯಾಗಿತ್ತು. ಆ ಒಂದು ಫೋಲ್ಡರಿಗೆ ಮಾತ್ರ ಅಳಿಸಲು ಬಿಟ್ಟೆ. ಅಳಿಸಲಾಗದಿದ್ದರೂ ಅದೇ ಹೆಸರಿನಲ್ಲಿ ಕಸ ಬರೆಯಬಹುದಲ್ಲ? ಅದಕ್ಕೆ ಬಕೆಟ್ಟಿನಲ್ಲಿ (ಕ್ಲೌಡಿನಲ್ಲಿ ನಾನು ತೆಗೆದುಕೊಂಡ ಜಾಗ) ಆವೃತ್ತಿ ಉಳಿಸುವ ಸೌಲಭ್ಯ ಹಚ್ಚಿದೆ. ಮೇಲೆ ಬರೆದರೂ ಹಳೆಯದು 60 ದಿನ ಇರುತ್ತದೆ. ಹಳೆಯ ಸ್ನ್ಯಾಪ್‌ಶಾಟ್ (ಆಯಾ ದಿನದ ಬ್ಯಾಕಪ್) ಕಳೆಯುವ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಕೈಯಾರೆ ಮಾಡುತ್ತೇನೆ, ಪಟ್ಟಿಯನ್ನು ಕಣ್ಣಲ್ಲಿ ನೋಡಿದ ಮೇಲೆ. ಆ ಕೀಲಿ ಲ್ಯಾಪ್‌ಟಾಪಿನಲ್ಲಿಲ್ಲ.

ವೇಳಾಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ಎಡವಟ್ಟು ಬಿಟ್ಟು. ರೆಸ್ಟಿಕ್ ಮುಗಿದಾಗ ಒಂದು ಸಂಖ್ಯೆ ಕೊಡುತ್ತದೆ. 0 ಅಂದರೆ ಸರಿ, 1 ಅಂದರೆ ಬ್ಯಾಕಪ್ಪೇ ಆಗಲಿಲ್ಲ. 3 ಅಂದರೆ ಆಯಿತು, ಆದರೆ ಕೆಲವು ಫೈಲು ಓದಲಾಗಲಿಲ್ಲ. ಬ್ಯಾಕಪ್ ನಡೆಸಲು ಬರೆದ ನನ್ನ ಪುಟ್ಟ ಸ್ಕ್ರಿಪ್ಟು 1 ಬಂದರೆ ಮಾತ್ರ ಎಚ್ಚರಿಸುತ್ತಿತ್ತು. ಹನ್ನೊಂದು ದಿನ 3 ಬಂದಿತ್ತು. ಓದಲಾಗದ ಫೈಲು ಯಾವುದು? ಪಾಸ್‌ವರ್ಡ್ ಡೇಟಾಬೇಸು. ಅನುಮತಿ ಬದಲಾಯಿಸಿ ಮರೆತಿದ್ದೆ. ಈಗ 0 ಅಲ್ಲದ ಏನೇ ಬಂದರೂ ಫೋನು ಕೂಗುತ್ತದೆ. ವಾರಕ್ಕೊಮ್ಮೆ ಭಂಡಾರದ ಹನ್ನೆರಡರಲ್ಲಿ ಒಂದು ಭಾಗವನ್ನು ಇಳಿಸಿಕೊಂಡು ಪರೀಕ್ಷಿಸುವ ಕಮಾಂಡೂ ಇದೆ, ಮೂರು ತಿಂಗಳಿಗೆ ಒಂದು ಸುತ್ತು.

ಏನೂ ಇಲ್ಲದ ಯಂತ್ರದ ಮುಂದೆ

ಐದನೇ ವಾರ, ಶನಿವಾರ. ಒಂದು ಹಳೆಯ ಲ್ಯಾಪ್‌ಟಾಪು, ಯುಎಸ್‌ಬಿಯಿಂದ ಏಳುವ ಲಿನಕ್ಸು. ಆಟದ ನಿಯಮ: ನನ್ನ ಲ್ಯಾಪ್‌ಟಾಪು, ಫೋನು, ಹಾರ್ಡ್‌ಡಿಸ್ಕು ಮೂರೂ ಸುಟ್ಟುಹೋಗಿವೆ. ತಲೆಯಲ್ಲಿ ಇರುವುದಷ್ಟೇ ಬಳಸಬೇಕು. ಇಂಥದ್ದು ಆಗುವುದೇ ಇಲ್ಲ ಅನ್ನುವವರಿಗೆ: 2021ರ ಮಾರ್ಚ್ 10ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಇಡೀ ಡೇಟಾ ಸೆಂಟರ್ ಕಟ್ಟಡವೇ ಬೆಂಕಿಗೆ ಹೋಯಿತು. ನನ್ನ ಮೇಜು ಯಾವ ಲೆಕ್ಕ?

ಪಾಸ್‌ಫ್ರೇಸ್ ನೆನಪಿತ್ತು, ಹೆಮ್ಮೆಯಿಂದ ಕೂತೆ. ರೆಸ್ಟಿಕ್ ಇಳಿಸಿಕೊಂಡೆ. ಭಂಡಾರದ ವಿಳಾಸ? ಅರ್ಧ ನೆನಪು. ಕ್ಲೌಡಿನ ಕೀಲಿ? ನಲವತ್ತು ಅಕ್ಷರದ ಗೋಜಲು ಯಾರಿಗೆ ನೆನಪಿರುತ್ತದೆ. ಸರಿ, ಖಾತೆಗೆ ಹೋಗಿ ಹೊಸ ಕೀಲಿ ಮಾಡೋಣ. ಖಾತೆಯ ಪಾಸ್‌ವರ್ಡ್ ಪಾಸ್‌ವರ್ಡ್ ಡೇಟಾಬೇಸಿನಲ್ಲಿದೆ. ಡೇಟಾಬೇಸು ಬ್ಯಾಕಪ್ಪಿನಲ್ಲಿದೆ. ‘ಪಾಸ್‌ವರ್ಡ್ ಮರೆತಿದೆ’ ಒತ್ತಿದರೆ ಇಮೇಲಿಗೆ ಕೊಂಡಿ ಬರುತ್ತದೆ, ಇಮೇಲಿನ ಪಾಸ್‌ವರ್ಡೂ ಅದೇ ಡೇಟಾಬೇಸಿನಲ್ಲಿ. ಅದನ್ನು ಹೇಗೋ ದಾಟಿದೆ ಅಂದುಕೊಂಡರೂ ಎರಡನೇ ಹಂತದ ಸಂಖ್ಯೆ ಸುಟ್ಟುಹೋದ ಫೋನಿನಲ್ಲಿದೆ. ಫೋನು ಕಳೆದರೆ ಬಳಸಿ ಅಂತ ಕೊಟ್ಟ ಹತ್ತು ತುರ್ತು ಸಂಖ್ಯೆಗಳನ್ನು ಜಾಣತನದಿಂದ ಎಲ್ಲಿ ಇಟ್ಟಿದ್ದೆ? ಡೇಟಾಬೇಸಿನಲ್ಲಿ.

ಕೀಲಿಕೈಯನ್ನು ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಳ ಒತ್ತಿದ್ದೆ. ಎಲ್ಲ ಸರಿಯಾಗಿ ನಡೆಯುತ್ತಿದ್ದ ಬ್ಯಾಕಪ್ ಅದು, ಬೇಕಾದ ದಿನ ಬಿಟ್ಟು ಉಳಿದೆಲ್ಲ ದಿನ. ಸುಟ್ಟುಹೋಗಿದ್ದ ಫೋನನ್ನು ಜೇಬಿನಿಂದ ತೆಗೆದು, ನಿಯಮ ಮುರಿದು, ಆ ದಿನದ ಆಟ ಮುಗಿಸಿದೆ.

ನಿಯಮ ಮುರಿದ ಮೇಲೂ ಒಂದು ಏಟು ಕಾದಿತ್ತು. ಎಲ್ಲ ಫೈಲು ಇಳಿಸಿ, ಮೂಲದಲ್ಲಿ ಮಾಡಿಟ್ಟಿದ್ದ ಎಸ್‌ಎಚ್‌ಎ-256 ಪಟ್ಟಿಯ (ಪ್ರತಿ ಫೈಲಿನ ಒಳಗಿನಿಂದ ಲೆಕ್ಕ ಹಾಕಿದ ಗುರುತುಗಳು) ಜೊತೆ ಹೋಲಿಸಿದರೆ 2014ಕ್ಕಿಂತ ಹಳೆಯ ಸ್ಕ್ಯಾನುಗಳ ಫೋಲ್ಡರ್ ಪೂರ್ತಿ ಇಲ್ಲ. ಹೆಸರಿದೆ, ಒತ್ತಿದರೆ ಶೂನ್ಯ. ಯಾವುದೋ ಕಾಲದಲ್ಲಿ ಜಾಗ ಸಾಲದೆ ಅದನ್ನು ಹೊರಗಿನ ಡಿಸ್ಕಿಗೆ ಸರಿಸಿ, ಇಲ್ಲಿ ಸಿಂಬಾಲಿಕ್ ಲಿಂಕ್ (ಆ ಜಾಗಕ್ಕೆ ಕೈತೋರಿಸುವ ಗುರುತು) ಇಟ್ಟಿದ್ದೆ. ರೆಸ್ಟಿಕ್ ಲಿಂಕನ್ನು ಲಿಂಕಾಗಿಯೇ ಉಳಿಸುತ್ತದೆ, ಅದು ತೋರಿಸುವ ಕಡೆ ಹೋಗುವುದಿಲ್ಲ. ತಪ್ಪು ಅದರದ್ದಲ್ಲ. ಹೊರಗಿನ ಡಿಸ್ಕು ಯಾವುದು ಅಂದರೆ, ಟಿಕ್ ಟಿಕ್ ಅನ್ನುತ್ತಿದ್ದ ಅದೇ. ಆ ರಾತ್ರಿಯೇ ಅದರಿಂದ 6 ಜಿಬಿ ಇಳಿಸಿಕೊಂಡೆ. ಮೂರು ಸಲ ನಿಂತು ನಿಂತು ಕೊಟ್ಟಿತು, ಆದರೆ ಕೊಟ್ಟಿತು.

ಕಾಗದ

ಪರಿಹಾರ ಕೊನೆಗೆ ಕಾಗದಕ್ಕೇ ಬಂದು ನಿಂತಿತು. ಆದಿ ಶಮೀರ್ 1979ರಲ್ಲಿ ತೋರಿಸಿದ ರಹಸ್ಯ ಹಂಚಿಕೆ ವಿಧಾನ ತುಂಬಾ ಸೆಳೆಯಿತು. ಗುಟ್ಟನ್ನು ಮೂರು ಪಾಲು ಮಾಡಿ ಮೂವರಿಗೆ ಕೊಟ್ಟರೆ ಯಾವ ಇಬ್ಬರು ಸೇರಿದರೂ ಸಾಕು, ಒಬ್ಬರಿಂದ ಏನೂ ಆಗದು. ಅರ್ಧ ದಿನ ಅದರಲ್ಲೇ ಕಳೆದೆ. ಆಮೇಲೆ ಆ ಮೂವರು ನಾನಿಲ್ಲದ ದಿನ ಕೂತು ಪಾಲುಗಳನ್ನು ಜೋಡಿಸುವ ದೃಶ್ಯ ಕಣ್ಣ ಮುಂದೆ ಬಂತು, ಬೇಡವೆನಿಸಿತು. ಗಣಿತ ಚೆನ್ನಾಗಿದೆ, ನನ್ನ ಮನೆಯವರಿಗೆ ಅದು ಹೊಂದುವುದಿಲ್ಲ.

ಒಂದು ಹಾಳೆ. ಖಾತೆಗೆ ಹೋಗುವ ಅಗತ್ಯವೇ ಬೀಳದಂತೆ, ಆ ಬಕೆಟ್ಟನ್ನು ಓದಲು ಮಾತ್ರ ಆಗುವ ಮೂರನೇ ಕೀಲಿ ಮಾಡಿದೆ. ಓದುವ ಅಧಿಕಾರ ಮಾತ್ರ ಇದ್ದಾಗ ರೆಸ್ಟಿಕ್‌ಗೆ ತನ್ನ ಗುರುತು ಇಡಲೂ ಆಗುವುದಿಲ್ಲ, ಅದಕ್ಕೆ ‘ನೋ-ಲಾಕ್’ ಆಯ್ಕೆ ಕೊಡಬೇಕು. ಅದನ್ನು ಹಾಳೆಯಲ್ಲಿ ಅಡಿಗೆರೆ ಎಳೆದು ಬರೆದೆ. ವಿಳಾಸ, ಕೀಲಿ, ಹಂತಗಳನ್ನು ಮುದ್ರಿಸಿದೆ. ನಲವತ್ತು ಅಕ್ಷರ ಕೈಯಲ್ಲಿ ಬರೆದರೆ ಸೊನ್ನೆಯೂ ಓ ಅಕ್ಷರವೂ ಬೆರೆತುಹೋಗುತ್ತವೆ. ಪಾಸ್‌ಫ್ರೇಸಿನ ಆರು ಪದಗಳನ್ನು ಮಾತ್ರ ಪೆನ್ನಿನಲ್ಲಿ ಬರೆದೆ, ಮುದ್ರಣಯಂತ್ರದ ನೆನಪಿನಲ್ಲಿ ಅವು ಉಳಿಯಬಾರದು. ಖಾತೆಯ ತುರ್ತು ಸಂಖ್ಯೆಗಳು ಹಿಂಬದಿಯಲ್ಲಿ. ರೆಸ್ಟಿಕ್ ಒಂದೇ ಫೈಲಿನ ತಂತ್ರಾಂಶ, ಏನನ್ನೂ ಸ್ಥಾಪಿಸಬೇಕಿಲ್ಲ, ಅದನ್ನೂ ಒಂದು ಯುಎಸ್‌ಬಿ ಕಡ್ಡಿಗೆ ಹಾಕಿ ಲಕೋಟೆಯೊಳಗೆ ಸೇರಿಸಿದೆ. ಕ್ಲೌಡಿಗೆ ಹಣ ಕಟ್ಟುವ ಕಾರ್ಡಿನ ಅವಧಿ ಮುಗಿಯುವ ತಿಂಗಳನ್ನೂ ಬರೆದೆ. ಗೂಢಲಿಪಿ ಎಷ್ಟೇ ಗಟ್ಟಿಯಿದ್ದರೂ ಬಿಲ್ ಕಟ್ಟದವರ ಡೇಟಾ ಯಾರೂ ಇಟ್ಟುಕೊಳ್ಳುವುದಿಲ್ಲ.

ಎರಡು ಲಕೋಟೆ. ಒಂದು ನನ್ನ ಹತ್ತಿರ, ಇನ್ನೊಂದು ತಂಗಿಯ ಹತ್ತಿರ. ರೆಸ್ಟಿಕ್ ಭಂಡಾರಕ್ಕೆ ಒಂದಕ್ಕಿಂತ ಹೆಚ್ಚು ಪಾಸ್‌ವರ್ಡ್ ಇಡಬಹುದು, ಹಾಗಾಗಿ ಅವಳಿಗೆ ದಾಳ ಉರುಳಿಸಿ ಬೇರೆಯೇ ಆರು ಪದ ಕೊಟ್ಟೆ. ಅವಳ ಲಕೋಟೆ ಕಳೆದರೆ ಅವಳ ಪಾಸ್‌ವರ್ಡನ್ನು, ಆ ಓದುವ ಕೀಲಿಯನ್ನು ರದ್ದು ಮಾಡಿದರಾಯಿತು. ಒಂದು ತೊಡಕು ಇದೆ: ಪಾಸ್‌ವರ್ಡ್ ತೆಗೆದರೂ ಒಳಗಿನ ಮಾಸ್ಟರ್ ಕೀಲಿ ಬದಲಾಗುವುದಿಲ್ಲ. ರದ್ದು ಮಾಡುವ ಮೊದಲೇ ಯಾರಾದರೂ ಭಂಡಾರ ನಕಲು ಮಾಡಿಕೊಂಡಿದ್ದರೆ ಹೊಸ ಭಂಡಾರ ಕಟ್ಟಿ ಎಲ್ಲವನ್ನೂ ಮತ್ತೆ ಕಳಿಸಬೇಕು. ಹಾಗೆ ಕಟ್ಟಿದರೂ ಅವನ ಕೈಲಿರುವ ಹಳೆಯ ಪ್ರತಿ ಅವನ ಹತ್ತಿರವೇ ಉಳಿಯುತ್ತದೆ.

ಏಳನೇ ವಾರ ತಂಗಿಯನ್ನು ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಹಾಳೆ ಕೊಟ್ಟು, ನಾನು ಬಾಯಿ ಮುಚ್ಚಿ ಪಕ್ಕದಲ್ಲಿ ಕೂತೆ. ನಾಲ್ಕನೇ ಹಂತದಲ್ಲೇ ನಿಂತಳು. ‘ಯುಎಸ್‌ಬಿ ಮೌಂಟ್ ಮಾಡು’ ಅಂತ ಬರೆದಿದ್ದೆ. ಮೌಂಟ್ ಅಂದರೆ ಏನು ಅಂದಳು. ಹಾಳೆ ವಾಪಸ್ ತೆಗೆದುಕೊಂಡು ‘ಯುಎಸ್‌ಬಿ ಚುಚ್ಚು, ಪರದೆಯಲ್ಲಿ ಬರುವ ಚಿತ್ರದ ಮೇಲೆ ಎರಡು ಸಲ ಒತ್ತು’ ಅಂತ ತಿದ್ದಿದೆ. ಹೀಗೆ ಐದು ಕಡೆ. ಮುಂದಿನ ದಿನ ಹೊಸ ಹಾಳೆ ಹಿಡಿದು ಅವಳೊಬ್ಬಳೇ ಮಾಡಿದಳು, 25 ನಿಮಿಷ ಹಿಡಿಯಿತು. ಯಾವುದಾದರೂ ಒಂದು ಫೈಲು ತೆರೆದು ನೋಡು ಅಂದೆ. ಪಟ್ಟಿಯನ್ನು ಕೆಳಗೆ ಎಳೆಯುತ್ತಾ ಹೋಗಿ ಒಂದರ ಮೇಲೆ ನಿಂತು ಓದತೊಡಗಿದಳು: ‘ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆ ವರದಿ ಮತ್ತು ಚೀಟಿ’.

“ಇಷ್ಟುದ್ದ ಹೆಸರು ಯಾರಾದರೂ ಇಡ್ತಾರಾ?” ಅಂದಳು.